ಒಂದೇ ಹಾಳೆಯ ಕೈಗಳು

ಧಾರವಾಡದ ನೀಲಗಂಗಾ ಕಾಗದದಲ್ಲಿ ಚಿತ್ರ ಕತ್ತರಿಸುತ್ತಾಳೆ.

ಬಣ್ಣ ಇಲ್ಲ, ಅಂಟು ಇಲ್ಲ. ಒಂದು ಕಪ್ಪು ಹಾಳೆ, ಒಂದು ಸಣ್ಣ ಬ್ಲೇಡು... ಅಷ್ಟೇ.

ಫೋಟೋ ಎದುರಿಗಿಟ್ಟುಕೊಂಡು ನೇರವಾಗಿ ಬ್ಲೇಡು ಆಡಿಸುತ್ತಾಳೆ. ಬೇಡದ್ದನ್ನೆಲ್ಲ ತೆಗೆದ ಮೇಲೆ ಏನು ಉಳಿಯುತ್ತದೋ ಅದೇ ಚಿತ್ರ.

ಹಿಂದೆ ಒಂದು ದೀಪ ಇಟ್ಟರೆ ಸಾಕು... ಹಾಳೆಯಲ್ಲಿದ್ದವರು ಜೀವ ಬಂದವರ ಹಾಗೆ ಎದ್ದು ನಿಲ್ಲುತ್ತಾರೆ.

ಒಂದು ದಿನ ಅವಳ ಹತ್ತಿರ ಬಸವಂತಪ್ಪ ಎಂಬುವವರು ಹೆಂಡತಿಯನ್ನು ಕರೆದುಕೊಂಡು ಬಂದರು. ಪೇಟೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ ಅವರದು.

"ಹೊಸಾ ಮನಿ ಹಾಲ್‌ನ್ಯಾಗ ಹಾಕಾಕ ಒಂದು ಬೇಕವಾ. ನಮ್ಮ ಮನಿ ಮಂದೀದು" ಎಂದು ಹಳೆಯ ಫೋಟೋ ಒಂದನ್ನು ಮುಂದಿಟ್ಟರು.

ಗೋಕಾಕ ಫಾಲ್ಸ್ ನೋಡಲು ಹೋದಾಗ ತೆಗೆಸಿದ್ದು. ಒಂದು ಕಡೆ ಬಸವಂತಪ್ಪ, ಇನ್ನೊಂದು ಕಡೆ ಹೆಂಡತಿ ಪಾರ್ವತೆವ್ವ, ತಾಯಿಯ ಪಕ್ಕದಲ್ಲಿ ಮಗ.

ನಡುವೆ ಎರಡು ಜಡೆಯ ಒಂದು ಪುಟ್ಟ ಹುಡುಗಿ... ಅಪ್ಪನ ಕೈ ಒಂದು, ಅವ್ವನ ಕೈ ಒಂದು ಹಿಡಿದುಕೊಂಡು.

ಬಸವಂತಪ್ಪ ಹೆಬ್ಬೆರಳಿಟ್ಟು ಆ ಹುಡುಗಿಯನ್ನು ಮುಚ್ಚಿದರು.

"ಈಕಿ ಬ್ಯಾಡ."

"ಯಾಕ್ರೀ ಕಾಕಾ?"

"ಬ್ಯಾಡ ಅಂದ್ರ ಬ್ಯಾಡ. ನೀ ಬ್ಲೇಡ್ ಹಿಡಿಯಾಕಿ ಇದ್ದಿ, ವಕೀಲಕಿ ಅಲ್ಲ."

ಪಾರ್ವತೆವ್ವ ಗಂಡನ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದರು.

ಆ ಹುಡುಗಿ ಅವರ ಮಗಳು ದಾಕ್ಷಾಯಣಿ. ದೊಡ್ಡವಳಾದ ಮೇಲೆ ಅಪ್ಪನ ಮಾತು ಮೀರಿ ತಾನು ಮೆಚ್ಚಿದವನನ್ನು ಮದುವೆಯಾಗಿದ್ದಳು.

ಅಂದಿನಿಂದ ಆ ಮನೆಯಲ್ಲಿ ಅವಳ ಹೆಸರು ಹೇಳುವ ಹಾಗಿರಲಿಲ್ಲ... ಗೃಹಪ್ರವೇಶಕ್ಕೂ ಅವಳನ್ನು ಕರೆದಿರಲಿಲ್ಲ.

ನೀಲಗಂಗಾ ಕೆಲಸಕ್ಕೆ ಕೂತಳು. ಅವಳದೊಂದು ರೂಢಿ... ಎಷ್ಟೇ ಜನರ ಚಿತ್ರವಿರಲಿ, ಎಲ್ಲರಿಗಿಂತ ಸಣ್ಣವರನ್ನು ಮೊದಲು ಕತ್ತರಿಸುವುದು. ಹಾಳೆ ಇನ್ನೂ ಗಟ್ಟಿಯಾಗಿರುವಾಗಲೇ ನಾಜೂಕಿನ ಕೆಲಸ ಮುಗಿಯಬೇಕು.

ಮೈಮರೆತು ಕೂತವಳಿಗೆ ಬಸವಂತಪ್ಪನವರ ಮಾತು ನೆನಪಾದದ್ದು, ಮುಗಿದ ಚಿತ್ರವನ್ನು ಬೆಳಕಿಗೆ ಹಿಡಿದಾಗಲೇ.

ಎರಡು ಜಡೆಯ ಹುಡುಗಿ ನಡುವೆಯೇ ನಿಂತಿದ್ದಳು.

ಆ ಸಂಜೆ ಗಂಡ ಹೆಂಡತಿ ಚಿತ್ರ ಒಯ್ಯಲು ಬಂದರು. ಬೆಳಗಾದರೆ ಗೃಹಪ್ರವೇಶ. ಬಸವಂತಪ್ಪನವರ ಮುಖ ಕಪ್ಪಿಟ್ಟಿತು.

"ಈಕೀನ ಯಾಕ ತಂದಿ ಇಲ್ಲಿ?"

"ತಪ್ಪ ನಂದ್ರೀ ಕಾಕಾ. ಸಣ್ಣವರಿಂದ ಶುರು ಮಾಡೂದು ಕೈಗೆ ರೂಢಿ ಆಗೇತಿ... ಹೊಸಾದು ಮಾಡಾಕ ನಾಳಿಗೆ ಆಗೂದಿಲ್ರೀ. ರೊಕ್ಕ ಬ್ಯಾಡ ನನಗ."

"ರೊಕ್ಕದ ಮಾತಲ್ಲ. ಈಕೀನ ತಗದ ಬಿಡು."

"ತಗದ್ರ ನಿಮ್ಮಿಬ್ಬರ ಕೈ ಖಾಲಿ ಉಳೀತಾವ್ರೀ."

"ಉಳೀಲಿ. ತಾ ಇಲ್ಲಿ ಬ್ಲೇಡು. ದಿನಾ ಪೈಪ್ ಕತ್ತರಸಾಂವ ನಾನು, ಇದೇನ್ ದೊಡ್ಡದು."

ನೀಲಗಂಗಾ ಮನಸ್ಸಿಲ್ಲದೆ ಬ್ಲೇಡು ಕೊಟ್ಟಳು. ಬಸವಂತಪ್ಪ ಚಿತ್ರದ ಮೇಲೆ ಬಾಗಿದರು.

ಬ್ಲೇಡನ್ನು ಒಂದು ಕಡೆ ಇಟ್ಟರು... ಎತ್ತಿದರು. ಸ್ವಲ್ಪ ಕೆಳಗೆ ಇಟ್ಟರು... ಮತ್ತೆ ಎತ್ತಿದರು.

ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡರು.

"ನನ್ನ ಕೈ ಎಲ್ಲಿಗೆ ಮುಗೀತೈತಿ?"

"ಹೇಳಾಕ ಬರೂದಿಲ್ರೀ" ಎಂದಳು ನೀಲಗಂಗಾ. "ಕೈ ಕೈ ಹಿಡದಲ್ಲಿ ನಾ ಏನೂ ಕತ್ತರಿಸಿಲ್ಲ. ನಿಮ್ದು, ಆಕೀದು ಕೂಡೇ ಬಂದೈತಿ. ನಡುವ ಗೆರಿ ಇಲ್ಲ."

ಬಸವಂತಪ್ಪ ಮತ್ತೆ ಹುಡುಕಿದರು. ಕಪ್ಪಿನೊಳಗೆ ಕಪ್ಪು... ಯಾವುದು ಅಪ್ಪನ ಬೆರಳು, ಯಾವುದು ಮಗಳದು, ಕಾಣಲಿಲ್ಲ.

ಆಗ ಪಾರ್ವತೆವ್ವ ಮೆಲ್ಲಗೆ ಬಾಯಿ ಬಿಟ್ಟರು.

"ಅವತ್ತು ಫಾಲ್ಸ್ ಹತ್ರ ಬಂಡಿಗಲ್ಲು ಜಾರತಿತ್ತು. ಬಿಡಬ್ಯಾಡ ಅಪ್ಪಾ, ಬಿಡಬ್ಯಾಡ ಅಂತ ಒಂದ ಸಮ ಅಳಾಕತ್ತಿದ್ಲು."

ಚಿತ್ರದಲ್ಲಿನ ಕೈಗಳನ್ನು ತೋರಿಸಿ ಹೇಳಿದರು: "ಕತ್ತರಸ್ರೀ... ಆದ್ರ ನೋಡಿ ಕತ್ತರಸ್ರೀ. ನಿಮ್ಮ ಬೆರಳೂ ಅದರ ಜೋಡಿ ಹೋಗ್ತಾವು."

ಬ್ಲೇಡು ಹಿಡಿದ ಕೈ ಅಲ್ಲಿಯೇ ನಿಂತಿತು.

ಹೊರಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಶುರು ಮಾಡಲು ಒದೆಯುತ್ತಲೇ ಇದ್ದರು.

ಬಸವಂತಪ್ಪ ಬ್ಲೇಡನ್ನು ಮೇಜಿನ ಮೇಲಿಟ್ಟು, ಹೆಂಡತಿಯ ಕಡೆ ನೋಡದೆ ಹೇಳಿದರು:

"ಆಕೀ ನಂಬರ್ ನಿನ್ನ ಕಡೆ ಐತಿ ಅಂತ ನನಗ ಗೊತ್ತೈತಿ. ಹಚ್ಚು."

ಪಾರ್ವತೆವ್ವ ಮಗಳ ನಂಬರ್ ಒತ್ತಿದರು. ರಿಂಗ್ ಆಗುವ ಮೊದಲೇ ಫೋನನ್ನು ಗಂಡನ ಕೈಗೆ ಕೊಟ್ಟುಬಿಟ್ಟರು.

"ಹೇಳವಾ..." ಆ ಕಡೆಯಿಂದ ಮಗಳ ದನಿ ಬಂತು.

"ಅವ್ವ ಅಲ್ಲ... ನಾನು."

ಆ ಕಡೆ ಬಿಕ್ಕುವುದು ಕೇಳಿಸಿತು.

ಬಸವಂತಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು.

"ನಾಳೆ ಮುಂಜಾನೆ ಹಾಲು ಉಕ್ಕಸೂದೈತಿ. ಮನಿ ಮಗಳು ಇರಬೇಕಾಗ್ತೈತಿ... ಲಗೂನ ಬಾ."

ಫೋನ್ ಇಡುತ್ತಾರೆ ಅಂದುಕೊಂಡರೆ, ಮತ್ತೆ ಕಿವಿಗೆ ಹಿಡಿದರು.

"ಒಬ್ಬಾಕೇ ಬರಬ್ಯಾಡ. ಅಳಿಯನ್ನ ಕರಕೊಂಡ ಬಾ."

ಅಳಿಯ... ಆ ಪದ ಅವರ ಬಾಯಿಂದ ಬಂದದ್ದು ಅದೇ ಮೊದಲು.

ಪಾರ್ವತೆವ್ವ ಅಲ್ಲಿಯೇ ನೆಲಕ್ಕೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನಸಾರೆ ಅತ್ತರು.

ಹಿಡಿದ ಕೈಗಳ ನಡುವೆ ಗೆರೆ ಇರುವುದಿಲ್ಲ... ಮಗುವನ್ನು ಕತ್ತರಿಸಿ ತೆಗೆಯಲು ಹೋದರೆ ನಮ್ಮ ಬೆರಳೂ ಹೋಗುತ್ತದೆ.

ನಿಮ್ಮ ಮನೆಯಲ್ಲೂ ಯಾರದಾದರೂ ಹೆಸರು ಹೇಳುವುದನ್ನು ಬಿಟ್ಟಿದ್ದೀರಾ... ಅವರ ನಂಬರ್ ಇನ್ನೂ ನಿಮ್ಮ ಫೋನಿನಲ್ಲಿ ಇದೆಯೇ?