ಅಧ್ಯಕ್ಷರ ಕೈ

ಹುಲಿಕೆರೆ ಸಂಸ್ಥಾನದ ವಾರಸುದಾರ, ಊದುಬತ್ತಿ ಸಹಕಾರ ಸಂಘದ ಅಧ್ಯಕ್ಷ ವಿಜಯರಾಜೇ ಅರಸರು ಕೈ ಎತ್ತಿದ್ದೇ ತಡ, ಸಂಘದ ಹೆಂಗಸರೆಲ್ಲ ಕೈ ಎತ್ತಿದರು. ಮಂಡಿ ಮೊಹಲ್ಲಾದ ಶೆಡ್ ಮುಚ್ಚಿ ಕೆಲಸವನ್ನು ದೂರದ ಮೇಟಗಳ್ಳಿಗೆ ಸಾಗಿಸುವ ಠರಾವು ಅದು. ಕಾರ್ಯದರ್ಶಿ ಶಿವಕಿರಣ್ ಎಣಿಸುವ ಗೋಜಿಗೇ ಹೋಗದೆ, "ಸರ್ವಾನುಮತ, ಸಾರ್!" ಎಂದ.

ಅಧ್ಯಕ್ಷರ ಕಣ್ಣಿಗೆ ಬಿದ್ದದ್ದು ಮುಂದಿನ ಸಾಲಿನಲ್ಲಿ ಇದ್ದಿಲ ಕಪ್ಪು ಹಿಡಿದಿದ್ದ ಒಂದು ಕೈ. ಅದು ಚಿಕ್ಕತಾಯಮ್ಮನದು. ಲಕ್ವ ಹೊಡೆದ ಗಂಡನನ್ನು ಪಕ್ಕದ ಗಲ್ಲಿಯಲ್ಲಿ ಮಲಗಿಸಿ ಬಂದು ಬತ್ತಿ ಹೊಸೆಯುವವಳು. ಮೇಟಗಳ್ಳಿಯಾದರೆ ಕೆಲಸ ಬಿಡಬೇಕಾಗುತ್ತದೆ ಎಂದು ಬೆಳಿಗ್ಗೆಯಷ್ಟೇ ಅತ್ತಿದ್ದಳು. "ಸಭೆಯಲ್ಲಿ 'ಬೇಡ' ಅಂತ ಹೇಳಮ್ಮ. ಇಲ್ಲಿ ನಿನ್ನದೂ ಒಂದೇ ಓಟು, ನನ್ನದೂ ಒಂದೇ ಓಟು" ಎಂದು ಧೈರ್ಯ ಹೇಳಿ ಕಳಿಸಿದ್ದು ಇದೇ ಅರಸರು.

"ಯಾಕಮ್ಮ ಕೈ ಎತ್ತಿದೆ?"

"ನೀವ್ ಎತ್ತಿದ್ಮೇಲೆ ನಾನೆಂಗೆ ಸುಮ್ನೆ ಕೂತ್ಕೊಳ್ಲಿ, ಬುದ್ಧಿ? ನಮ್ಮಪ್ಪ ನಿಮ್ ತಾತನ್ ಮುಂದೆ ತಲೆನೇ ಎತ್ಲಿಲ್ಲ."

ಪಕ್ಕದವಳು ಅವಳನ್ನು ತಿವಿದಳು: "ಇಳಿಸ್ಬುಟ್ಟೀಯ ಕಣಮ್ಮಿ, ದೊರೆ ನೋಡ್ತಾವ್ರೆ."

ಅರಸರ ಮುಖ ಬಿಸಿಯಾಯಿತು. ಅಧ್ಯಕ್ಷನಾದವನು ಎಲ್ಲರಿಗಿಂತ ಕೊನೆಗೆ ಕೈ ಎತ್ತಬೇಕು ಎಂದು ಊರೂರಿನ ಸಂಘಗಳಿಗೆ ಪಾಠ ಹೇಳಿದವರು ಅವರು. ಇವತ್ತು ಬೇಗ ಮುಗಿಯಲಿ ಎಂದು ತಾವೇ ಮೊದಲು ಎತ್ತಿದ್ದರು. ಆ ಆತುರಕ್ಕೆ ಒಬ್ಬಳ ಅನ್ನ ಹೋಗುತ್ತಿತ್ತು, ಅದೂ ಅವಳ ಕೈಯಿಂದಲೇ. ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಕೈಯನ್ನು ಸರಕ್ಕನೆ ಕೆಳಗಿಳಿಸಿದರು.

"ದೊರೆಗೆ ಬ್ಯಾಡ್ವಂತೆ, ಎಲ್ರೂ ಇಳಿಸ್ರಮ್ಮ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆಯ ಕೈಗಳೆಲ್ಲ ಒಟ್ಟಿಗೇ ಇಳಿದವು.