ಗೇಟಿನವನ ಮೇಲೆ ದೂರು

"ನೀವು ಓದಿದವರು ಟೀಚರಮ್ಮ, ನೀವೇ ಬರೆದುಕೊಡಿ," ಎಂದು ರೈಲ್ವೆ ಗೇಟ್ ಕಾಯುವವನ ಹೆಂಡತಿ ಖಾಲಿ ಹಾಳೆ ಚಾಚಿದಳು. "ಡ್ಯೂಟಿಯಲ್ಲಿ ನಿದ್ದೆ ಮಾಡ್ತಾರೆ ಅಂತ ಯಾರೋ ದೂರು ಬರೆದಿದ್ದಕ್ಕೆ ನಮ್ಮ ಯಜಮಾನರನ್ನ ಕೆಲಸದಿಂದ ನಿಲ್ಲಿಸಿದ್ದಾರೆ. ಅವರು ಎಂಥವರು ಅಂತ ನಿಮ್ಮ ಕಿಟಕಿಯಿಂದ ದಿನಾ ನೋಡ್ತಿದ್ರಲ್ಲ?"

ಟೀಚರಮ್ಮ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು. ದಿನಕ್ಕೆ ಆರು ಇದ್ದ ಗೂಡ್ಸ್ ರೈಲು ಇಪ್ಪತ್ತಾಗಿ, ಗೇಟ್ ಸದಾ ಮುಚ್ಚಿಯೇ ಇರುತ್ತದೆಂದು ಬಡಾವಣೆಯವರೆಲ್ಲ ಸೇರಿ ಕೊಟ್ಟ ಅರ್ಜಿಯನ್ನು ಬರೆದದ್ದು ಟೀಚರಮ್ಮನೇ. ಬರೀ ರೈಲು ಹೆಚ್ಚಾಯಿತೆಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲವೆಂದು, ಗೇಟಿನವನ ನಿದ್ದೆಯ ಮಾತನ್ನು ತಾವಾಗಿಯೇ ಸೇರಿಸಿದ್ದರು. ರೈಲು ಒಂದೂ ಕಡಿಮೆಯಾಗಲಿಲ್ಲ.

"ಯಾಕೆ, ಆಗಲ್ವಾ?"

"ಆಗುತ್ತೆ, ಕೂತ್ಕೋಮ್ಮ." ಅವನ ಪರವಾಗಿ ನಾಲ್ಕು ಒಳ್ಳೆಯ ಮಾತು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆ ಯೋಚನೆ ಬಂದದ್ದಕ್ಕೇ ಟೀಚರಮ್ಮನಿಗೆ ತಮ್ಮ ಮೇಲೆ ಹೇಸಿಗೆಯಾಯಿತು. ಒಂದೇ ಸಾಲು ಬರೆದು ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಅವಳು ಬೆರಳಿಟ್ಟು, ಅಕ್ಷರ ಕೂಡಿಸುತ್ತ ಓದಿದಳು: "ಆ ಸುಳ್ಳು ದೂರು ಬರೆದವಳು ನಾನೇ."

ಅವಳು ಅದೇ ಸಾಲಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಆಮೇಲೆ ಹಾಳೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ಮುಂದಿನದನ್ನೂ ಬರೀರಿ. ಅವರು ಎಚ್ಚರವಾಗೇ ಇದ್ರು ಅಂತ."