ಬೇಡ ಎಂಬ ಚೌಕ

“ಬೇಡ,” ಎಂದಿತು ಅಂಗೈಯಗಲದ ಕಂಪ್ಯೂಟರು. ಅಮ್ಮ ನೀರಿನ ಲೋಟವನ್ನು ಮತ್ತೆ ಹಿಂದಕ್ಕೆ ತೆಗೆದುಕೊಂಡರು. ಅಪ್ಪ ಜೋರಾಗಿ ತಲೆ ಅಲ್ಲಾಡಿಸಿದರು. ಪಾರ್ಶ್ವವಾಯು ಬಡಿದು ಮಾತು ನಿಂತ ಮೇಲೆ ಅವರಿಗೆ ಉಳಿದದ್ದು ಒತ್ತಿದರೆ ಮಾತಾಡುವ ಆ ಪರದೆಯ ಎರಡು ಚೌಕಗಳೇ: ಎಡಕ್ಕೆ ‘ನೀರು’, ಬಲಕ್ಕೆ ‘ಬೇಡ’.

“ಬೆಳಗ್ಗಿಂದ ಇದೇ ಆಯ್ತು. ಹತ್ರ ತಂದ್ರೆ ಬೇಡ ಅಂತಾರೆ, ತೆಗೆದ್ರೆ ಕಣ್ಣು ಕೆಂಪು ಮಾಡ್ತಾರೆ. ಮಾತಿನ ಜೊತೆ ಬುದ್ಧಿನೂ ಹೋಯ್ತೇನೋ ಕಣೆ,” ಎಂದರು ಅಮ್ಮ.

ಮಗಳು ಉಗುರು ಕಚ್ಚುತ್ತ ಹಾಸಿಗೆಯ ಸುತ್ತ ಸುಳಿದಾಡಿದಳು. ನಿನ್ನೆ ಆ ಕಂಪ್ಯೂಟರಿನ ಹಳೆಯ ವ್ಯವಸ್ಥೆ ತೆಗೆದು ಲಿನಕ್ಸ್ ಹಾಕಿದವಳು ಅವಳೇ. ಎಲ್ಲವನ್ನೂ ಕೀಲಿಮಣೆಯಿಂದಲೇ ಪರೀಕ್ಷಿಸಿದ್ದಳು. ಪರದೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅದು ನೆನಪಾದದ್ದೇ ತಡ, ಮುಟ್ಟಿದ ಜಾಗವನ್ನು ತೋರಿಸುವ ಪ್ರೋಗ್ರಾಂ ತೆರೆದು ಎಡತುದಿಗೆ ಬೆರಳಿಟ್ಟಳು. ಚುಕ್ಕಿ ಬಲತುದಿಯಲ್ಲಿ ಮೂಡಿತು. ಚೌಕಗಳನ್ನು ವಾಪಸು ತಂದು, ಅಪ್ಪನ ಎದುರೇ ‘ನೀರು’ ಒತ್ತಿದಳು.

“ಬೇಡ,” ಎಂದಿತು ಯಂತ್ರ.

“ತಪ್ಪು ನಂದಮ್ಮ. ಎಡ ಬಲ ಅದಲುಬದಲಾಗಿದೆ. ಪ್ರೋಗ್ರಾಂನಲ್ಲಿ ಒಂದು ಸಾಲು ತಿದ್ದಿದ್ರೆ ಸರಿಹೋಗುತ್ತೆ. ತಡಿ, ಎರಡೇ ನಿಮಿಷ.”

ಅಪ್ಪ ಎರಡು ನಿಮಿಷ ತಡೆಯಲಿಲ್ಲ. ಅಷ್ಟು ಹೊತ್ತೂ ಅವಳ ಬೆರಳನ್ನೇ ನೋಡುತ್ತಿದ್ದವರು ಕೈ ಚಾಚಿ, ‘ಬೇಡ’ ಎಂಬ ಚೌಕವನ್ನು ಒತ್ತಿದರು.

“ನೀರು,” ಎಂದಿತು ಯಂತ್ರ.